ಬೆಳ್ಳಗಾಗಲು ಹಚ್ಚಿದ್ದೇ ಮುಖವನ್ನು ಕಪ್ಪು ಮಾಡಿದರೆ

ಪ್ರಶ್ನೆ: ನನಗೆ 29 ವರ್ಷ. ದಾವಣಗೆರೆ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರ್. ಗೋಧಿ ಮೈಬಣ್ಣ. ಎರಡು ವರ್ಷದ ಹಿಂದೆ ಎರಡೂ ಕೆನ್ನೆ ಮೇಲೆ ಬಂಗು ಕಾಣಿಸಿಕೊಂಡಿತು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬನ್ನು ರಾತ್ರಿ ಹಚ್ಚುತ್ತಾ ಬಂದೆ. ಮೊದಲ ತಿಂಗಳು ಮುಖ ಫಳಫಳ ಹೊಳೆಯಿತು. ಈಗ ಬಿಸಿಲಿಗೆ ಹೋದರೆ ಉರಿ, ಸಣ್ಣ ಸಣ್ಣ ಗುಳ್ಳೆ. ಎರಡು ದಿನ ಹಚ್ಚದೆ ಬಿಟ್ಟರೆ ಮುಖ ಕೆಂಪಾಗಿ ಊದಿಕೊಳ್ಳುತ್ತದೆ. ಮೊದಲಿಗಿಂತ ಕಪ್ಪೂ ಆಗಿದೆ. ದಿನಕ್ಕೆ ನಾಲ್ಕೈದು ಸಲ ಫೇಸ್‌ವಾಶ್ ಹಾಕಿ ತೊಳೆಯುತ್ತೇನೆ. ಭಾನುವಾರ ನಿಂಬೆರಸಕ್ಕೆ ಸಕ್ಕರೆ ಸೇರಿಸಿ ತಿಕ್ಕುತ್ತೇನೆ. ತಿಂಗಳಿಗೊಮ್ಮೆ ಪಾರ್ಲರ್‌ನಲ್ಲಿ ಬ್ಲೀಚ್. ಕತ್ತಿನ ಹಿಂದಿನ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಸನ್‌ಸ್ಕ್ರೀನ್ ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ ಅಂತ ಬಿಟ್ಟಿದ್ದೇನೆ. ಮೂರು ತಿಂಗಳಲ್ಲಿ ತಮ್ಮನ ಮದುವೆ. ಇನ್ನೂ ಏನು ಹಚ್ಚಲಿ?

ಉತ್ತರ: ಸದ್ಯಕ್ಕೆ ಹೊಸದೇನೂ ಹಚ್ಚಬೇಡಿ. ಮೊದಲು ಆ ಟ್ಯೂಬನ್ನು ಕೈಗೆ ತೆಗೆದುಕೊಂಡು ಒಳ್ಳೆ ಬೆಳಕಿನಲ್ಲಿ ಓದಿ. ಅಕ್ಷರ ತೀರಾ ಸಣ್ಣದಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೆರಾಯ್ಡ್ ಕ್ರೀಮ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅಂತಲೂ ಬರೆದಿದ್ದರೆ ಅದು ನಾವು ಚರ್ಮ ವೈದ್ಯರು ಟ್ರಿಪಲ್ ಕಾಂಬಿನೇಷನ್ ಅನ್ನುವ ಮಿಶ್ರಣ. ನೀವು ಹೇಳಿದ ಲಕ್ಷಣ ನೋಡಿದರೆ ಇದೇ ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈ ಮಿಶ್ರಣ ಕೆಟ್ಟ ಔಷಧಿಯೇನಲ್ಲ. ಇದರ ಮೊದಲ ರೂಪವನ್ನು ಅಮೆರಿಕದ ಚರ್ಮ ವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲಿ ಪ್ರಕಟಿಸಿದರು. ಬಂಗಿಗೆ ನಾವು ಇವತ್ತಿಗೂ ಇದನ್ನೇ ಬರೆಯುತ್ತೇವೆ. ಆದರೆ ಲೆಕ್ಕ ಹಾಕಿ ಸುಮಾರು 8 ವಾರಕ್ಕೆ ಬರೆಯುತ್ತೇವೆ. ನಡುವೆ ಕರೆಸಿ ನೋಡುತ್ತೇವೆ, ಆಮೇಲೆ ನಿಲ್ಲಿಸುತ್ತೇವೆ. ನೀವು ಎರಡು ವರ್ಷ ಹಚ್ಚಿದ್ದೀರಿ.

ಮೊದಲ ತಿಂಗಳು ಮುಖ ಯಾಕೆ ಹೊಳೆಯಿತು ಅಂತ ಕೇಳಬಹುದು. ಸ್ಟೆರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೆಂಪು, ಊತ ಎಲ್ಲ ಇಳಿದು ಮುಖ ತಿಳಿಯಾಗಿ ಕಾಣುತ್ತದೆ. ಟ್ರೆಟಿನಾಯಿನ್ ಮೇಲ್ಪದರವನ್ನು ಬೇಗ ಉದುರಿಸುತ್ತದೆ. ಹೈಡ್ರೋಕ್ವಿನೋನ್ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಮೂರೂ ಸೇರಿದರೆ ಮೂರ್ನಾಲ್ಕು ವಾರದಲ್ಲಿ ಪಕ್ಕದ ಮನೆಯವರೂ ಏನು ಹಚ್ಚಿದ್ದೀರಿ ಅಂತ ಕೇಳುತ್ತಾರೆ. ಟ್ಯೂಬ್ ಬಾಯಿಂದ ಬಾಯಿಗೆ ಹರಡುವುದೇ ಹೀಗೆ.

ತಿಂಗಳುಗಟ್ಟಲೆ ಹಚ್ಚಿದರೆ ಕಥೆ ಬದಲಾಗುತ್ತದೆ. ಚರ್ಮ ತೆಳುವಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಕಿಟಕಿ ಪಕ್ಕ ಕನ್ನಡಿ ಹಿಡಿದು ಕೆನ್ನೆಯನ್ನು ಹತ್ತಿರದಿಂದ ನೋಡಿ. ದಾರದೆಳೆಯಂಥ ಕೆಂಪು ಗೆರೆಗಳು ಕಾಣುತ್ತವೆಯಾ? ಗಲ್ಲ, ದವಡೆ ಮೇಲೆ ಮೊದಲಿಲ್ಲದ ನುಣುಪು ಕೂದಲು ಬಂದಿದೆಯಾ? ಒಂದೇ ಅಳತೆಯ, ಒಂದೇ ಥರದ ಗುಳ್ಳೆ ಕೆನ್ನೆ ತುಂಬ ಎದ್ದಿವೆಯಾ? ಇವು ಸ್ಟೆರಾಯ್ಡ್‌ನಿಂದ ಹಾಳಾದ ಮುಖದ ಗುರುತು. ಬಿಟ್ಟ ಎರಡೇ ದಿನಕ್ಕೆ ಮುಖ ಊದುವುದೂ ಇದರದ್ದೇ ಭಾಗ. ಇಷ್ಟು ದಿನ ಔಷಧಿ ಕುಗ್ಗಿಸಿಟ್ಟಿದ್ದ ರಕ್ತನಾಳಗಳು ಒಮ್ಮೆಲೇ ಹಿಗ್ಗುತ್ತವೆ. ಮುಖ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. ಮತ್ತೆ ಹಚ್ಚಿದರೆ ಬೇಗ ತಣ್ಣಗಾಗುತ್ತದೆ. ಆಗ ಯಾರಿಗಾದರೂ ಅನಿಸುವುದು ಒಂದೇ, ಈ ಕ್ರೀಮ್ ಇಲ್ಲದಿದ್ದರೆ ನನಗೆ ಗತಿಯಿಲ್ಲ ಅಂತ. ನಿಮ್ಮನ್ನು ಎರಡು ವರ್ಷ ಹಿಡಿದಿಟ್ಟಿದ್ದು ಇದೇ.

ನೀವೊಬ್ಬರೇ ಅಲ್ಲ. ದೇಶದ ಬೇರೆ ಬೇರೆ ಊರುಗಳ ಚರ್ಮ ವೈದ್ಯರು ಸೇರಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮುಖದ ತೊಂದರೆಗೆ ಬಂದ 2926 ಜನರನ್ನು ವಿಚಾರಿಸಿದಾಗ 433 ಜನ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದನ್ನು ಹೇಳಿದ್ದು ವೈದ್ಯರಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರ್ ಮೇಲೆ ಕೇಳಿದರೆ ಸಿಗುತ್ತಿದೆ. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಿಟ್ಟಿದೆ. ಅಂಗಡಿಯಲ್ಲಿ ಐದು ನಿಮಿಷಕ್ಕೆ ಸಿಕ್ಕ ಟ್ಯೂಬಿನ ಹಾನಿ ಸರಿಮಾಡಲು ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಅಲೆಯುತ್ತಾರೆ.

ಈಗ ಏನು ಮಾಡಬೇಕು? ಈ ವಾರವೇ ಚರ್ಮ ವೈದ್ಯರನ್ನು ಕಾಣಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದರೂ ಆಗುತ್ತದೆ. ಟ್ಯೂಬ್, ಫೇಸ್‌ವಾಶ್, ಹಚ್ಚುವ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಒಮ್ಮೆಲೇ ನಿಲ್ಲಿಸುವುದೋ, ದಿನ ಬಿಟ್ಟು ದಿನ, ವಾರಕ್ಕೆರಡು ಸಲ ಅಂತ ಇಳಿಸುತ್ತಾ ಬರುವುದೋ ಅಂತ ಅವರು ಚರ್ಮ ನೋಡಿ ಹೇಳುತ್ತಾರೆ. ಕೆಲವರಿಗೆ ಟ್ಯಾಕ್ರೋಲಿಮಸ್‌ನಂಥ ಸ್ಟೆರಾಯ್ಡ್ ಅಲ್ಲದ ಮುಲಾಮು ಕೊಡುತ್ತಾರೆ. ಕೆಲವರಿಗೆ ಕೆಲವು ವಾರ ಮಾತ್ರೆ ಬೇಕಾಗುತ್ತದೆ. ಮೊದಲ ಕೆಲವು ವಾರ ಕಷ್ಟ. ಮುಖ ಕೆಂಪಾಗುತ್ತದೆ, ಗುಳ್ಳೆ ಏಳುತ್ತವೆ, ಶಾಲೆಗೆ ಹೋಗುವುದೇ ಬೇಡ ಅನಿಸುತ್ತದೆ. ಉರಿಯಾದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಐದು ಹತ್ತು ನಿಮಿಷ ಮುಖದ ಮೇಲಿಡಿ. ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ದಿನಕ್ಕೆ ಎರಡು ಮೂರು ಸಲ ಹಚ್ಚಿ. ಸಂಕಟ ತಡೆಯದೆ ಮತ್ತೆ ಟ್ಯೂಬ್ ಹಚ್ಚಿದರೆ ಎಲ್ಲ ಮೊದಲಿಂದ ಶುರು.

ಇದರ ಜೊತೆಗೆ ಇನ್ನೊಂದು ಕ್ರೀಮ್ ಬಗ್ಗೆ ಹೇಳಲೇಬೇಕು. ತಯಾರಿಸಿದವರ ವಿಳಾಸವಿಲ್ಲದ, ಡಬ್ಬಿ ಮೇಲೆ ಏನೇನಿದೆ ಅಂತ ಬರೆಯದ ನೈಟ್ ಕ್ರೀಮ್‌ಗಳು ಈಗ ಮೊಬೈಲಿನಲ್ಲಿ, ಕೆಲವು ಪಾರ್ಲರ್‌ಗಳಲ್ಲಿ ಸಿಗುತ್ತವೆ. ಇವುಗಳಲ್ಲಿ ಪಾದರಸ ಇರುವುದುಂಟು. ಪಾದರಸ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಆದರೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಅವರಲ್ಲಿ 15 ಜನರಿಗಿದ್ದದ್ದು ಅಪರೂಪದ ಒಂದೇ ವಿಧ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು. ನೀವು ಅಥವಾ ಮನೆಯಲ್ಲಿ ಯಾರಾದರೂ ಇಂಥದ್ದು ಹಚ್ಚಿದ್ದು, ಕಾಲು ಊದುವುದು, ಮೂತ್ರದಲ್ಲಿ ನೊರೆ ಬರುವುದು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಲು ತಡ ಮಾಡಬೇಡಿ.

ಇನ್ನು ನೀವು ಮಾಡುತ್ತಿರುವ ಉಳಿದ ಕೆಲಸಗಳಿಗೆ ಬರೋಣ. ಅದಕ್ಕೂ ಮುಂಚೆ ಒಂದು ವಿಷಯ ಮನಸ್ಸಿಗೆ ಇಳಿಯಬೇಕು. ನಮ್ಮಂಥ ಕಂದು ಚರ್ಮಕ್ಕೆ ಏಟು ಬಿದ್ದರೆ ಅದು ಕಪ್ಪಾಗುತ್ತದೆ. ಮೊಡವೆ ಬಂದು ಹೋದ ಜಾಗ, ಸೊಳ್ಳೆ ಕಚ್ಚಿ ಕೆರೆದ ಜಾಗ, ಕುಕ್ಕರ್ ತಾಗಿ ಸುಟ್ಟ ಜಾಗ ಎಲ್ಲವೂ ಕಪ್ಪು ಕಲೆ ಉಳಿಸುವುದನ್ನು ನೀವೇ ನೋಡಿದ್ದೀರಿ. ಉಜ್ಜಿದರೂ ಅಷ್ಟೇ, ಸುಲಿದರೂ ಅಷ್ಟೇ, ಉರಿಸಿದರೂ ಅಷ್ಟೇ. ಕಣ್ಣಿಗೆ ಕಾಣುವಂಥ ಗಾಯವೇ ಆಗಬೇಕಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕೆರಳಿದರೂ ಸಾಕು, ಒಳಗಿನ ಬಣ್ಣದ ಜೀವಕೋಶಗಳು ಜಾಸ್ತಿ ಬಣ್ಣ ಸುರಿಯುತ್ತವೆ. ಬಿಳಿಯರ ಚರ್ಮ ಇದೇ ಕಾಟಕ್ಕೆ ಕೆಂಪಾಗಿ ಸುಮ್ಮನಾಗಬಹುದು. ನಮ್ಮದು ಕಪ್ಪಾಗಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ನಿಮ್ಮ ಪತ್ರದಲ್ಲಿರುವ ಪ್ರತಿ ಅಭ್ಯಾಸವನ್ನೂ ನಾನು ಇದೇ ಲೆಕ್ಕದಲ್ಲಿ ನೋಡುತ್ತಿದ್ದೇನೆ.

ನಿಂಬೆರಸದಿಂದ ಶುರು ಮಾಡೋಣ, ಏಕೆಂದರೆ ಅಡುಗೆಮನೆಯದ್ದು ಏನೂ ಮಾಡಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಹುಳಿಯ ಅಳತೆಯಾದ ಪಿಎಚ್ ಸುಮಾರು 5. ಈ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನಿಂಬೆರಸದ್ದು ಸುಮಾರು 2. ಅದು ಹಾಗೇ ಸುಡುತ್ತದೆ. ಅದರ ಮೇಲೆ ಸಕ್ಕರೆ ಹರಳು ಹಾಕಿ ತಿಕ್ಕಿದರೆ ಕಣ್ಣಿಗೆ ಕಾಣದ ಗೀರು ಬಿದ್ದು ಹುಳಿ ಒಳಗಿಳಿಯುತ್ತದೆ. ಇನ್ನೊಂದು ಅಪಾಯವೂ ಇದೆ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯ ಎಣ್ಣೆಯಲ್ಲಿ, ಬಿಸಿಲು ತಾಗಿದರೆ ಚರ್ಮವನ್ನು ಸುಡುವ ಪದಾರ್ಥಗಳಿವೆ. ರಾಮನವಮಿ ಆಸುಪಾಸಿನಲ್ಲಿ ನನ್ನ ಹತ್ತಿರ ಕೈ ತೋರಿಸಿಕೊಂಡು ಬರುವವರಿದ್ದಾರೆ. ಪಾನಕಕ್ಕೆ ರಾಶಿ ನಿಂಬೆಹಣ್ಣು ಹಿಂಡಿ, ಕೈ ಸರಿಯಾಗಿ ತೊಳೆಯದೆ ಬಿಸಿಲಲ್ಲಿ ನಿಂತು ಹಂಚಿರುತ್ತಾರೆ. ಒಂದೆರಡು ದಿನಕ್ಕೆ ಕೆಂಪು, ಗುಳ್ಳೆ. ಆಮೇಲೆ ಮಣಿಕಟ್ಟಿನಿಂದ ಮೊಣಕೈ ಕಡೆಗೆ ರಸ ಇಳಿದ ದಾರಿಯಲ್ಲೇ ಕಪ್ಪು ಗೆರೆ. ಏನೋ ಸೋರಿದ ಹಾಗೆ ಕಾಣುವ ಆ ಗೆರೆ ನೋಡಿದ ಕೂಡಲೇ ನಿಂಬೆಹಣ್ಣು ಹಿಂಡಿದ್ರಾ ಅಂತ ಕೇಳಬಹುದು. ಅದು ಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದೇ ರಸವನ್ನು ನೀವು ಪ್ರತಿ ಭಾನುವಾರ ಮುಖಕ್ಕೆ ಹಚ್ಚುತ್ತಿದ್ದೀರಿ, ಅದೂ ಸ್ಟೆರಾಯ್ಡ್‌ನಿಂದ ತೆಳುವಾದ ಮುಖಕ್ಕೆ.

ಅಡುಗೆ ಸೋಡಾ, ಮೊಡವೆಗೆ ಟೂತ್‌ಪೇಸ್ಟ್, ಬೆಳ್ಳುಳ್ಳಿ ಜಜ್ಜಿ ಹಚ್ಚುವುದು ಎಲ್ಲ ಇದೇ ಸಾಲಿಗೆ ಸೇರುತ್ತವೆ. ಬೆಳ್ಳುಳ್ಳಿಯಿಂದ ಸುಟ್ಟು ಬೊಬ್ಬೆ ಎದ್ದ ಕೆನ್ನೆ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಕಡಲೆಹಿಟ್ಟು ಪರವಾಗಿಲ್ಲ. ಆದರೆ ಒಣಗಿ ಬಿಗಿಯಾದ ಮೇಲೆ ಉಜ್ಜಿ ತೆಗೆಯಬೇಡಿ, ಹಸಿಯಿರುವಾಗಲೇ ನೀರು ಹಾಕಿ ತೊಳೆಯಿರಿ.

ದಿನಕ್ಕೆ ನಾಲ್ಕೈದು ಸಲ ಫೇಸ್‌ವಾಶ್ ಹಾಕುವುದನ್ನೂ ಬಿಡಿ. ಚರ್ಮದ ಹೊರಪದರದಲ್ಲಿ ಕೋಶಗಳ ನಡುವೆ ಕೊಬ್ಬಿನಂಶ ಇರುತ್ತದೆ. ಒಳಗಿನ ನೀರು ಆರದಂತೆ, ಹೊರಗಿನದ್ದು ಒಳಗೆ ಇಳಿಯದಂತೆ ಕಾಯುವುದು ಅದೇ. ಪದೇ ಪದೇ ತೊಳೆದರೆ ಅದು ಹೊರಟುಹೋಗುತ್ತದೆ, ಗಾರೆ ಉದುರಿದ ಗೋಡೆಗೆ ಮಳೆ ನೀರು ಇಳಿದ ಹಾಗೆ ಎಲ್ಲವೂ ಒಳಗೆ ಇಳಿಯುತ್ತದೆ. ತೊಳೆದ ಮೇಲೆ ಮುಖ ಬಿಗಿದುಕೊಂಡು ಕಿರಗುಟ್ಟಿದರೆ ಸ್ವಚ್ಛವಾಯಿತು ಅಂದುಕೊಳ್ಳುತ್ತೇವೆ. ಅಷ್ಟು ತೊಳೆಯಬಾರದಿತ್ತು ಅಂತ ಅದರ ಅರ್ಥ. ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದ ಮೇಲೆ ಒಮ್ಮೆ ಸಾಕು. ಮಧ್ಯೆ ಬೆವರಿದರೆ ಬರೀ ನೀರು. ಟವೆಲಿನಿಂದ ಒರೆಸದೆ ಒತ್ತಿ ತೆಗೆಯಿರಿ.

ಕತ್ತಿನ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಇದು ನಿಜಕ್ಕೂ ಮುಖ್ಯ. ಕತ್ತಿನ ಹಿಂದಿನ ಕಪ್ಪು ಜಾಗದ ಮೇಲೆ ಬೆರಳಾಡಿಸಿ. ಮಖಮಲ್ಲಿನಂತೆ ದಪ್ಪಗೆ, ಸಣ್ಣ ಮಡಿಕೆ ಮಡಿಕೆಯಾಗಿ ಸಿಗುತ್ತದಾ? ಕಂಕುಳಲ್ಲೂ ಹಾಗೇ ಇದೆಯಾ? ಅಲ್ಲಲ್ಲಿ ಪುಟ್ಟ ನರುಳಿಗಳಿವೆಯಾ? ಇದ್ದರೆ ಅದು ಕೊಳೆಯಲ್ಲ. ಅಕಾಂತೋಸಿಸ್ ನೈಗ್ರಿಕಾನ್ಸ್ ಅಂತ ಕರೆಯುತ್ತೇವೆ. ಹೆಚ್ಚಾಗಿ ಇದರ ಹಿಂದೆ ಇರುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು. ಸಕ್ಕರೆ ಕಾಯಿಲೆ ಬರುವುದಕ್ಕೆ ವರ್ಷಗಳ ಮುಂಚೆಯೇ ಕತ್ತಿನಲ್ಲಿ ಹೀಗೆ ಕಾಣಿಸಿಕೊಳ್ಳಬಹುದು. ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು, ತೂಕ ಜಾಸ್ತಿಯಾಗುವುದು ಇದ್ದರೆ ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ ಇದೆಯಾ ಅಂತಲೂ ನೋಡಬೇಕು. ನಾರು, ಕಲ್ಲು, ಬ್ರಷ್ ಹಾಕಿ ತಿಕ್ಕಿದಷ್ಟೂ ಅದು ಇನ್ನಷ್ಟು ದಪ್ಪವಾಗುತ್ತದೆ. ಶುಗರ್ ಪರೀಕ್ಷೆ ಮಾಡಿಸಿ. ತೂಕ ಸ್ವಲ್ಪ ಇಳಿದರೂ ಕತ್ತು ತಿಳಿಯಾಗುವುದನ್ನು ನಾನು ತುಂಬ ಸಲ ನೋಡಿದ್ದೇನೆ. ಮಕ್ಕಳಿಗೆ ಮೈ ಸರಿಯಾಗಿ ತೊಳೆಯಲ್ಲ ಅಂತ ಅಮ್ಮಂದಿರು ಬೈಯುತ್ತಾ ಕತ್ತು ಉಜ್ಜುತ್ತಾರಲ್ಲ, ಆ ಮಕ್ಕಳನ್ನೂ ಒಮ್ಮೆ ತೋರಿಸಬೇಕು. ನಿಮ್ಮ ಕ್ಲಾಸಿನಲ್ಲೂ ಅಂಥ ಮಗು ಇರಬಹುದು.

ಬೆನ್ನು, ಕಾಲರ್ ಮೂಳೆ, ಭುಜದ ಮೇಲೆ ಕಪ್ಪಾಗಿ ಪಟ್ಟಿ ಬಿದ್ದಿದ್ದರೆ ಅದು ಮಾತ್ರ ನೇರವಾಗಿ ತಿಕ್ಕಿದ್ದರ ಫಲ. ಮೂಳೆ ಚರ್ಮಕ್ಕೆ ಹತ್ತಿರ ಇರುವ ಕಡೆ ನೈಲಾನ್ ನಾರು ಜಾಸ್ತಿ ಒತ್ತುತ್ತದೆ. ನಾರು ಬಿಟ್ಟು ಕೈಯಲ್ಲೇ ಸೋಪು ಹಚ್ಚಿಕೊಳ್ಳಿ. ಕೆಲವು ತಿಂಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ.

ಬ್ಲೀಚ್ ಏನು ಮಾಡುತ್ತದೆ ಗೊತ್ತಾ? ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಮುಖದ ಸಣ್ಣ ಕೂದಲನ್ನು ಬಂಗಾರದ ಬಣ್ಣಕ್ಕೆ ತಿರುಗಿಸುತ್ತದೆ. ಕಪ್ಪು ಕೂದಲು ಮರೆಯಾದ್ದರಿಂದ ಮುಖ ಬೆಳ್ಳಗಾದಂತೆ ಕಾಣುತ್ತದೆ. ಬಂಗಿಗೆ ಅದರಿಂದ ಕಾಸಿನ ಉಪಯೋಗವಿಲ್ಲ. ಜೊತೆಗಿರುವ ಅಮೋನಿಯಾ ತೆಳು ಚರ್ಮವನ್ನು ಸುಡುತ್ತದೆ. ಸ್ವಲ್ಪ ಚುರುಗುಟ್ಟುತ್ತೆ, ಸಹಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಎದ್ದು ತೊಳೆದುಬಿಡಿ. ಟ್ರೆಟಿನಾಯಿನ್ ಹಚ್ಚುತ್ತಿರುವವರು ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಲೇಬಾರದು, ಕೂದಲಿನ ಜೊತೆ ಮೇಲ್ಪದರವೇ ಕಿತ್ತು ಬರುತ್ತದೆ. ಹುಬ್ಬಿಗೆ ಥ್ರೆಡಿಂಗ್ ಪರವಾಗಿಲ್ಲ, ಅದೂ ಮುಖದ ಉರಿ ಆರಿದ ಮೇಲೆ.

ಸನ್‌ಸ್ಕ್ರೀನ್ ಬಗ್ಗೆ ನಿಮ್ಮ ದೂರು ಸರಿಯಾಗಿದೆ. ಜಿಂಕ್, ಟೈಟಾನಿಯಂ ಇರುವ ಹಲವು ಸನ್‌ಸ್ಕ್ರೀನ್‌ಗಳು ನಮ್ಮ ಬಣ್ಣದ ಮೇಲೆ ಬೂದಿಯಂತೆ ಕೂರುತ್ತವೆ. ಬಂಗು ಇರುವವರಿಗೆ ಚರ್ಮದ ಬಣ್ಣವೇ ಇರುವ, ಐರನ್ ಆಕ್ಸೈಡ್ ಸೇರಿಸಿದ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಬೂದಿ ಬಣ್ಣ ಕಾಣುವುದಿಲ್ಲ ಅನ್ನುವುದೊಂದೇ ಕಾರಣವಲ್ಲ. ಬಂಗನ್ನು ಕೆರಳಿಸುವುದು ಅಲ್ಟ್ರಾವಯಲೆಟ್ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಕಾಣುವ ಬೆಳಕನ್ನು ಸಾದಾ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ಎಸ್‌ಪಿಎಫ್ 30 ಸಾಕು, ಅದು ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಅಲ್ಟ್ರಾವಯಲೆಟ್‌ನ ಒಂದು ಬಗೆಯಾದ ಯುವಿಬಿ ಕಿರಣದಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ. ಎಲ್ಲರೂ ಸೋಲುವುದು ಪ್ರಮಾಣದಲ್ಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖಕ್ಕೆ ಮತ್ತು ಕತ್ತಿಗೆ ಬೇಕು. ಬಸ್ ಹತ್ತುವ ಮುಂಚೆ ಒಮ್ಮೆ, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಮ್ಮೆ. ಇನ್ನೊಂದು ಬಗೆಯಾದ ಯುವಿಎ ಕಿರಣ ಗಾಜಿನೊಳಗಿಂದಲೂ ಬರುತ್ತದೆ, ಹಾಗಾಗಿ ಬಸ್ಸಿನ ಕಿಟಕಿ ಪಕ್ಕ ಕೂತರೂ ಬೇಕು. ಬೆಳಗಿನ ಪ್ರಾರ್ಥನೆಗೆ ಮೈದಾನದಲ್ಲಿ ನಿಲ್ಲುವಾಗ ಛತ್ರಿ ಹಿಡಿಯಲು ನಾಚಿಕೆ ಬೇಡ. ಈಗಿನ ಉರಿಯಲ್ಲಿ ಸನ್‌ಸ್ಕ್ರೀನ್ ತಡೆಯಲಾಗದಿದ್ದರೆ ಮೊದಲ ಕೆಲವು ದಿನ ಛತ್ರಿ, ದುಪಟ್ಟಾ ಮಾತ್ರ ಸಾಕು.

ನೀವು ಕೇಳದಿದ್ದರೂ ಎರಡು ಮಾತು. ಹಣೆಯ ಸ್ಟಿಕ್ಕರ್ ಜಾಗದಲ್ಲಿ ನವೆ ಶುರುವಾದರೆ ಅಥವಾ ಬೆಳ್ಳಗಾದರೆ ಸ್ಟಿಕ್ಕರ್ ಆ ದಿನವೇ ಬಿಡಿ. ಕೆಲವು ಅಂಟಿನಲ್ಲಿರುವ ರಾಸಾಯನಿಕ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ, ತೊನ್ನಿನಂಥ ಬಿಳಿ ಮಚ್ಚೆ ಉಳಿಯುತ್ತದೆ. ಹಣೆಯ ಅಂಚು, ಕಿವಿಯ ಮುಂದೆ, ಕತ್ತಿನ ಬದಿ ಕಂದು ಬೂದಿ ಬಣ್ಣಕ್ಕೆ ತಿರುಗುತ್ತಿದ್ದರೆ ತಲೆಗೆ ಹಚ್ಚುವ ಡೈ ಮೇಲೆ ಅನುಮಾನ ಪಡಿ. ಅದರಲ್ಲಿರುವ ಪಿಪಿಡಿ ಅನ್ನುವ ವಸ್ತು ನಮ್ಮಲ್ಲಿ ತುಂಬ ಜನಕ್ಕೆ ಅಲರ್ಜಿ. ಬೇಗ ಬಣ್ಣ ಏರುವ ಕಪ್ಪು ಮೆಹಂದಿಯಲ್ಲೂ ಅದು ಇರುತ್ತದೆ. ಮದುವೆಗೆ ಕೈಗೆ ಹಚ್ಚುವಾಗ ಹಸಿ ಗೋರಂಟಿ ಸೊಪ್ಪೇ ಅರೆದು ಹಚ್ಚಿದರೆ ನನಗೆ ಸಮಾಧಾನ. ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಮೊಡವೆ ಏಳುತ್ತವೆ, ಅಷ್ಟನ್ನು ನೋಡಿಕೊಳ್ಳಿ.

ಮದುವೆಯ ಮಾತಿಗೆ ಬರುತ್ತೇನೆ. ನೆಂಟರೆಲ್ಲ ಸೇರುವಾಗ ಯಾಕಮ್ಮ ಕಪ್ಪಾಗಿಬಿಟ್ಟೆ ಅನ್ನುವವರು ಇದ್ದೇ ಇರುತ್ತಾರೆ. ಆ ಮಾತು ಚುಚ್ಚುತ್ತದೆ, ನನಗೆ ಗೊತ್ತು. ಎರಡು ವರ್ಷ ಈ ಉರಿ ಸಹಿಸಿಕೊಂಡಿದ್ದೂ ಅಂಥ ಮಾತಿನ ಭಯಕ್ಕೇ ಇರಬಹುದು. ಹಾಗಾಗಿ ಒಂದು ಸಣ್ಣ ಕೆಲಸ ಮಾಡಿ. ಹಗಲು ಬೆಳಕಲ್ಲಿ ತೋಳಿನ ಒಳಭಾಗ, ಕಂಕುಳಿಗೆ ಹತ್ತಿರ, ಬಿಸಿಲು ಬೀಳದ ಜಾಗ ನೋಡಿ. ಅದು ನಿಮ್ಮ ಹುಟ್ಟುಬಣ್ಣ. ಸರಿಯಾದ ಚಿಕಿತ್ಸೆ ಮುಖವನ್ನು ಆ ಬಣ್ಣದ ಹತ್ತಿರಕ್ಕೆ ತರಬಲ್ಲದು. ಅದಕ್ಕಿಂತ ಬೆಳ್ಳಗೆ ಮಾಡುವ ಕ್ರೀಮ್ ಇಲ್ಲ. ಇದೆ ಅಂತ ಯಾರಾದರೂ ಮಾರಿದರೆ ಅದರಲ್ಲಿ ನಾನು ಮೇಲೆ ಹೇಳಿದ ಯಾವುದೋ ಒಂದು ಇರುತ್ತದೆ.

ಮೂರು ತಿಂಗಳಲ್ಲಿ ಏನು ಸಾಧ್ಯ ಅಂತ ನೇರವಾಗಿ ಹೇಳಿಬಿಡುತ್ತೇನೆ. ಉರಿ, ಕೆಂಪು, ಗುಳ್ಳೆ ಬಹಳಷ್ಟು ಇಳಿಯಬಹುದು. ಬಂಗು ಪೂರ್ತಿ ಹೋಗಲ್ಲ, ಬಂಗು ಹಾಗೆ ಬೇಗ ಬಿಡುವ ತೊಂದರೆಯಲ್ಲ. ಚರ್ಮ ಶಾಂತವಾದ ಮೇಲೆ, ಅಂದರೆ ಒಂದೆರಡು ತಿಂಗಳ ನಂತರ, ಅಜಲೇಯಿಕ್ ಆಸಿಡ್‌ನಂಥ ಸ್ಟೆರಾಯ್ಡ್ ಇಲ್ಲದ ಕ್ರೀಮನ್ನು ನಿಮ್ಮ ವೈದ್ಯರು ಶುರು ಮಾಡಬಹುದು. ಗರ್ಭಿಣಿಯಾಗಿದ್ದರೆ ಅಥವಾ ಆ ಯೋಚನೆ ಇದ್ದರೆ ಮೊದಲೇ ಹೇಳಿ, ಟ್ರೆಟಿನಾಯಿನ್‌ನಂಥದ್ದನ್ನು ಬಿಡಬೇಕಾಗುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಅದರಿಂದ ಬಂಗು ಜಾಸ್ತಿಯಾಗಬಹುದು.

ಮದುವೆಗೆ ಎರಡು ವಾರ ಇರುವಾಗಿಂದ ಮುಖಕ್ಕೆ ಹೊಸದೇನೂ ಬೇಡ. ಫೇಶಿಯಲ್ ಬೇಡ, ಯಾರೋ ತಂದ ಹೊಸ ಕ್ರೀಮ್ ಬೇಡ. ಮೇಕಪ್ ಮಾಡಿಸಿಕೊಳ್ಳಿ, ತೊಂದರೆಯಿಲ್ಲ. ಬಳಸುವ ಫೌಂಡೇಶನನ್ನು ವಾರ ಮುಂಚೆಯೇ ತರಿಸಿ ಮೊಣಕೈ ಒಳಗಡೆ ಎರಡು ದಿನ ಹಚ್ಚಿ ನೋಡಿ. ನವೆ, ಕೆಂಪು ಬರದಿದ್ದರೆ ಮುಖಕ್ಕೆ ಬಳಸಬಹುದು. ರಾತ್ರಿ ಎಷ್ಟೇ ಹೊತ್ತಾದರೂ ಅದನ್ನು ತೆಗೆದು ಮಲಗಿ. ತೆಗೆಯಲು ಹತ್ತಿ ಉಂಡೆಯಲ್ಲಿ ಮೆತ್ತಗೆ ಒರೆಸಿದರೆ ಸಾಕು, ಉಜ್ಜಬೇಡಿ.

ಟ್ಯೂಬ್ ಇಳಿಸುವ ದಿನಗಳಲ್ಲಿ ಕಣ್ಣಿನ ರೆಪ್ಪೆ ಊದಿಕೊಂಡು ಕಣ್ಣು ತೆರೆಯಲು ಆಗದಿದ್ದರೆ, ಗುಳ್ಳೆಗಳಲ್ಲಿ ಕೀವು ತುಂಬಿ ಜ್ವರ ಬಂದರೆ ಅಥವಾ ಕಣ್ಣು ಮಂಜಾದರೆ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.